ತೋರಿಸು, ಹೆಸರಿಸು, ತೆಗೆದು ನೋಡು: ಭಾಷೆ, ಚಿತ್ರ, ಪಠ್ಯದ ಅಂಶಗಳನ್ನು ಗುರುತಿಸಲು ಕಲಿಸುವ ಬಗೆ

ಉಪಮಾಲಂಕಾರದ ಲಕ್ಷಣ ಬಾಯಿಪಾಠ ಇರುವ ಮಗುವಿಗೆ ಪಾಠಪುಸ್ತಕದಲ್ಲಿಲ್ಲದ ಒಂದು ಪದ್ಯ ಕೊಟ್ಟು “ಇದರಲ್ಲಿ ಉಪಮೆ ಎಲ್ಲಿದೆ?” ಎಂದು ಕೇಳಿ ನೋಡಿ. ಹೆಚ್ಚಿನ ಸಲ ಉತ್ತರ ಬರುವುದಿಲ್ಲ. ಚಿತ್ರದ ವಿಷಯದಲ್ಲೂ ಹೀಗೆಯೇ. ರೇಖೆ, ಆಕಾರ, ಬಣ್ಣ, ಮೈವಳಿಕೆ (ಮೇಲ್ಮೈಯ ನಯ, ಒರಟುತನ) ಎಂದು ಪಟ್ಟಿ ಒಪ್ಪಿಸುವವರು ಎದುರಿಗಿರುವ ಚಿತ್ರದಲ್ಲಿ ಮೈವಳಿಕೆ ತೋರಿಸಲು ತಡವರಿಸುತ್ತಾರೆ. ಹೆಸರು ಗೊತ್ತಿರುವುದು ಬೇರೆ, ಗುರುತು ಸಿಗುವುದು ಬೇರೆ. ನಾವು ಹೆಚ್ಚಾಗಿ ಮೊದಲನೆಯದನ್ನು ಕಲಿಸಿ ಎರಡನೆಯದು ತಾನಾಗಿ ಬರುತ್ತದೆಂದು ಕಾಯುತ್ತೇವೆ. ಅದು ಬರುವುದಿಲ್ಲ.

ಇಲ್ಲಿ ಹೇಳುವ ಕ್ರಮ ಕೇರಳದ ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಐದರಿಂದ ಎಂಟನೇ ತರಗತಿಗೆ ಹೊಂದುತ್ತದೆ. ಆರು ಪೀರಿಯಡ್ ಬೇಕು, ಒಂದೊಂದು ಸುಮಾರು 40 ನಿಮಿಷ. ಭಾಷೆಗೆ ಒಂದು ವಿಧಾನ, ಚಿತ್ರಕ್ಕೆ ಇನ್ನೊಂದು, ಪಠ್ಯಕ್ಕೆ ಮತ್ತೊಂದು ಎಂದು ಇಲ್ಲ. ಎಲ್ಲದಕ್ಕೂ ಮೂರೇ ಪ್ರಶ್ನೆ:

1. ಅದು ಎಲ್ಲಿದೆ? ಬೆರಳಿಟ್ಟು ತೋರಿಸು.
2. ಅದಕ್ಕೆ ಏನು ಹೆಸರು?
3. ಅದನ್ನು ತೆಗೆದರೆ, ಇಲ್ಲವೇ ಬದಲಿಸಿದರೆ ಏನಾಗುತ್ತದೆ?

ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಬೇಕು. ಹೆಸರಿನಿಂದ ಶುರು ಮಾಡಿದರೆ ಮಗು ಹೆಸರಿಗೆ ತಕ್ಕ ವಸ್ತು ಹುಡುಕುತ್ತದೆ, ಸಿಗದಿದ್ದರೆ ಏನೋ ಒಂದನ್ನು ತೋರಿಸಿ ಪಾರಾಗುತ್ತದೆ. ಕಂಡದ್ದರಿಂದ ಶುರು ಮಾಡಿದರೆ ಕಂಡದ್ದಕ್ಕೆ ಹೆಸರು ಬೇಕೆನಿಸುತ್ತದೆ. ಮೂರನೆಯ ಪ್ರಶ್ನೆಯೇ ನಿಜವಾದ ಪರೀಕ್ಷೆ. ಒಂದು ಅಂಶವನ್ನು ತೆಗೆದಾಗ ಏನು ಕೆಟ್ಟಿತು ಎಂದು ಹೇಳಬಲ್ಲ ಮಗುವಿಗೆ ಆ ಅಂಶ ಗೊತ್ತಾಗಿದೆ ಎಂದೇ ಅರ್ಥ. ಲಕ್ಷಣವಾಕ್ಯ ನೆನಪಿಲ್ಲದಿದ್ದರೂ ಚಿಂತೆಯಿಲ್ಲ.

ಸಾಮಗ್ರಿ: ಬಯಲಾಟದ ಒಂದು ಕರಪತ್ರ

ಭಾಷೆ, ಚಿತ್ರ, ಪಠ್ಯರಚನೆ ಮೂರೂ ಒಂದೇ ಹಾಳೆಯಲ್ಲಿ ಇರುವಂಥದ್ದು ಬೇಕು. ನಮ್ಮ ಕಡೆ ಯಕ್ಷಗಾನ ಬಯಲಾಟದ ಕರಪತ್ರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನೆತ್ತಿಯಲ್ಲಿ ಪ್ರಾರ್ಥನೆಯ ಒಂದು ಸಾಲು, ಕಮಾನಿನಂತೆ ಬಾಗಿದ ಮೇಳದ ಹೆಸರು, ಪಕ್ಕದಲ್ಲಿ ವೇಷದ ಚಿತ್ರ, ನಡುವೆ ದಪ್ಪಕ್ಷರದ ಪ್ರಸಂಗ, ದಿನ, ಹೊತ್ತು, ಸ್ಥಳ, ಹಿಮ್ಮೇಳ (ಹಾಡುವವರು, ಬಾರಿಸುವವರು), ಮುಮ್ಮೇಳದ (ವೇಷಧಾರಿಗಳು) ಪಟ್ಟಿ, ಕೊನೆಗೆ ವಿನಂತಿ ಮತ್ತು ಸ್ವಾಗತ ಕೋರುವವರು. ಮಕ್ಕಳು ಮನೆಯಲ್ಲಿ ಕಂಡ ಕಾಗದ ಇದು. ಆದರೂ ಹತ್ತಿರದಿಂದ ನೋಡಿರುವುದಿಲ್ಲ.

ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಶಾಲೆ ತೆರೆಯುವ ಜೂನಿನಲ್ಲಿ ಹುಡುಕಿದರೆ ಕರಪತ್ರ ಸಿಗುವುದಿಲ್ಲ. ಜನವರಿ, ಫೆಬ್ರವರಿಯಲ್ಲೇ ಸಂಗ್ರಹಿಸಿಡಿ. ನಾಲ್ಕು ಮಕ್ಕಳಿಗೆ ಒಂದು ಹಾಳೆ ಸಾಕು, 32 ಮಕ್ಕಳ ತರಗತಿಗೆ ಎಂಟು. ಎಂಟೂ ಒಂದೇ ಕರಪತ್ರವಾದರೆ ಚರ್ಚೆ ಸುಲಭ. ಇವಿಷ್ಟು ಜೊತೆಗಿರಲಿ:

- ಪ್ರತಿ ಗುಂಪಿಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ (ಎ4), ಒಂದು ಬಿಳಿಹಲಗೆಯ ಮಾರ್ಕರ್, ಒರೆಸಲು ಬಟ್ಟೆ ತುಂಡು
- ಅದೇ ಕರಪತ್ರದ ಕಪ್ಪುಬಿಳುಪು ನೆರಳಚ್ಚು (ಜೆರಾಕ್ಸ್), ಗುಂಪಿಗೊಂದು
- ಟ್ರೇಸಿಂಗ್ ಪೇಪರ್, ಗುಂಪಿಗೊಂದು
- ಹಳೆಯ ಕ್ಯಾಲೆಂಡರ್ ರಟ್ಟಿನಿಂದ ಕತ್ತರಿಸಿದ ನಾಲ್ಕೈದು ಮುಚ್ಚುಪಟ್ಟಿ, ಸುಮಾರು 3 ಸೆ.ಮೀ. ಅಗಲ

ಎರಡು ಎಚ್ಚರಿಕೆ. ಕರಪತ್ರದಲ್ಲಿ ಜನರ ಹೆಸರು, ಫೋನ್ ನಂಬರು ಇದ್ದರೆ ನೆರಳಚ್ಚು ತೆಗೆಯುವ ಮೊದಲೇ ಬಿಳಿ ಕಾಗದ ಅಂಟಿಸಿ ಮುಚ್ಚಿ. ದೇವರ ಚಿತ್ರ ಇರುವ ಕರಪತ್ರವನ್ನು ಕತ್ತರಿಸುವ, ನೆಲದಲ್ಲಿ ಹರಡುವ ಚಟುವಟಿಕೆ ಇಟ್ಟುಕೊಳ್ಳಬೇಡಿ, ಮಕ್ಕಳಿಗೂ ಮನೆಯವರಿಗೂ ನೋವಾಗುತ್ತದೆ. ಕತ್ತರಿಸದೆ ಮುಚ್ಚಿ ನೋಡುವುದಕ್ಕೇ ಮುಚ್ಚುಪಟ್ಟಿ ಇರುವುದು. ಬಯಲಾಟದ ಬಳಕೆಯಿಲ್ಲದ ಮನೆಯ ಮಕ್ಕಳೂ ತರಗತಿಯಲ್ಲಿರುತ್ತಾರೆ. ಆದ್ದರಿಂದ ಎರಡನೆಯ ಸುತ್ತಿಗೆ ಗ್ರಂಥಾಲಯದ ಕಾರ್ಯಕ್ರಮ, ಉರೂಸ್, ಇಗರ್ಜಿಯ ಹಬ್ಬ, ಕಬಡ್ಡಿ ಪಂದ್ಯಾಟ, ಯಾವುದರ ನೋಟೀಸಾದರೂ ಇಟ್ಟುಕೊಳ್ಳಿ. ಗಡಿಯಾಚೆಯ ಇತರ ಕನ್ನಡ ಪ್ರದೇಶಗಳಾದ ತಾಳವಾಡಿ, ಜತ್ತ, ಅಕ್ಕಲಕೋಟೆ, ಮಡಕಶಿರಾ ಕಡೆಯ ಶಾಲೆಗಳವರು ತಮ್ಮೂರಿನ ಜಾತ್ರೆಯ, ನಾಟಕದ ಕರಪತ್ರ ತಂದರೆ ಉಳಿದ ಕ್ರಮವೆಲ್ಲ ಹಾಗೆಯೇ ನಡೆಯುತ್ತದೆ.

ಮೊದಲ ಪೀರಿಯಡ್: ಕಂಡದ್ದು ಬೇರೆ, ಅನಿಸಿದ್ದು ಬೇರೆ

ಕರಪತ್ರವನ್ನು ಮೇಜಿನ ಮೇಲಿಟ್ಟು ಮೂರು ನಿಮಿಷ ಮಾತಿಲ್ಲದೆ ನೋಡಲು ಹೇಳಿ. ಮೂರು ನಿಮಿಷ ಮಕ್ಕಳಿಗೆ ಉದ್ದವೆನಿಸುತ್ತದೆ. ಮೊದಲ ಒಂದು ನಿಮಿಷದಲ್ಲಿ ದೊಡ್ಡಕ್ಷರ, ವೇಷದ ಮುಖ ಮಾತ್ರ ಕಾಣುತ್ತದೆ. ಅಂಚಿನ ಬಳ್ಳಿ, ಮೂಲೆಯ ಚಿಕ್ಕ ಅಕ್ಷರ ಕಣ್ಣಿಗೆ ಬೀಳುವುದು ಆಮೇಲೆ. ಸಮಯ ಕಡಿತ ಮಾಡಬೇಡಿ.

ಅನಂತರ ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿಸಿ, ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅನಿಸಿದ್ದು’ ಎಂದು ಬರೆಯಿಸಿ. “ಸಿಟ್ಟು” ಎಂದು ಒಂದು ಮಗು ಹೇಳುತ್ತದೆ. ಅದು ಬಲಗಡೆಗೆ. “ಸಿಟ್ಟು ಎಂದು ಅನಿಸಿದ್ದು ಯಾವುದನ್ನು ನೋಡಿ?” ಎಂದು ಕೇಳಿದರೆ “ಹುಬ್ಬಿನ ಗೆರೆ ಮೇಲಕ್ಕೆ ಹೋಗಿದೆ, ಕಣ್ಣಿನ ಸುತ್ತ ಕೆಂಪು” ಎನ್ನುತ್ತದೆ. ಅದು ಎಡಗಡೆಗೆ. ಬಲಗಡೆಯ ಪ್ರತಿ ಮಾತಿಗೂ ಎಡಗಡೆಯಲ್ಲಿ ಕನಿಷ್ಠ ಒಂದು ಆಧಾರ ಇರಬೇಕು. ಆಧಾರ ಸಿಗದ ಮಾತನ್ನು ಹೊಡೆದು ಹಾಕದೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಸಿ, ಮುಂದಿನ ಪೀರಿಯಡ್‌ಗಳಲ್ಲಿ ಅದಕ್ಕೆ ಆಧಾರ ಸಿಗುವುದೂ ಉಂಟು.

ಈ ಹಂತದಲ್ಲಿ ಮಗು ಯಾವ ಭಾಷೆಯಲ್ಲಿ ಹೇಳಿದರೂ ಒಪ್ಪಿಕೊಳ್ಳಿ. ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವ ಮನೆಗಳಿಂದ ಬಂದವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಕಂಡದ್ದನ್ನು ಮನೆಮಾತಿನಲ್ಲಿ ಹೇಳಿದ ಮೇಲೆ ಕನ್ನಡದ ಹೆಸರು ಕೊಡಿ. ಕನ್ನಡದಲ್ಲೇ ಹೇಳಬೇಕು ಎಂದು ಮೊದಲೇ ಕಟ್ಟು ಹಾಕಿದರೆ, ಚೆನ್ನಾಗಿ ಕಂಡ ಮಗುವೂ ಮಾತು ಸಿಗದೆ ಸುಮ್ಮನಾಗುತ್ತದೆ. ಕಣ್ಣು ಚುರುಕಿಲ್ಲ ಎಂದು ನಾವು ತಪ್ಪು ತಿಳಿಯುತ್ತೇವೆ.

ಚಿತ್ರದ ಅಂಶಗಳು: ಒಂದೊಂದಾಗಿ ಕಳೆಯುತ್ತಾ ಹೋಗಿ

ಎರಡನೆಯ ಪೀರಿಯಡ್‌ನಲ್ಲಿ ಮೂಲ ಕರಪತ್ರ, ಅದರ ಕಪ್ಪುಬಿಳುಪು ನೆರಳಚ್ಚು, ವೇಷದ ಹೊರಗೆರೆ ಮಾತ್ರ ಎತ್ತಿದ ಟ್ರೇಸಿಂಗ್, ಮೂರನ್ನೂ ಸಾಲಾಗಿ ಇಡಿಸಿ. ಮೊದಲನೆಯದರಿಂದ ಎರಡನೆಯದಕ್ಕೆ ಬಂದಾಗ ಬಣ್ಣ ಹೋಯಿತು. ಎರಡನೆಯದರಿಂದ ಮೂರನೆಯದಕ್ಕೆ ಬಂದಾಗ ಛಾಯೆ, ಅಂದರೆ ಬೆಳಕು ಕತ್ತಲೆಯ ಹಂತಗಳು ಹೋದವು. ಉಳಿದದ್ದು ರೇಖೆ ಮತ್ತು ಆಕಾರ. ಇಷ್ಟು ಕಣ್ಣಾರೆ ಕಂಡ ಮೇಲೆ ಲಕ್ಷಣ ಬರೆಯಿಸುವ ಅಗತ್ಯ ಬೀಳುವುದಿಲ್ಲ.

ನೆರಳಚ್ಚಿನಲ್ಲಿ ಒಂದು ತೊಡಕಿದೆ. ಕೆಂಪು ಹೆಚ್ಚುಕಡಿಮೆ ಕಪ್ಪಾಗಿಯೇ ಬರುತ್ತದೆ, ತಿಳಿ ಹಳದಿ ಬಿಳಿಯಲ್ಲಿ ಕರಗಿಹೋಗುತ್ತದೆ. ಮಕ್ಕಳು “ಇಲ್ಲಿ ಕಪ್ಪು ಬಣ್ಣ ಇದೆ” ಎಂದು ಬರೆಯುತ್ತಾರೆ. ಆಗ ಮೂಲವನ್ನು ಪಕ್ಕದಲ್ಲಿಟ್ಟು, ಕಣ್ಣನ್ನು ಅರ್ಧ ಮುಚ್ಚಿ ಕಿರಿದು ಮಾಡಿ ನೋಡಲು ಹೇಳಿ. ಕಣ್ಣು ಕಿರಿದು ಮಾಡಿದಾಗ ಬಣ್ಣದ ಬೇರೆತನ ಹಿಂದಕ್ಕೆ ಸರಿದು ಗಾಢ, ತಿಳಿ ಎಂಬ ಭೇದ ಮುಂದೆ ಬರುತ್ತದೆ. ಬಣ್ಣಕ್ಕೂ ಛಾಯೆಗೂ ಇರುವ ವ್ಯತ್ಯಾಸ ತಿಳಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆಕಾರಕ್ಕೆ ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ವೇಷಗಳೇ ಪಾಠ. ಮೂರು ನೆರಳುಚಿತ್ರ ಮಾಡಿಕೊಳ್ಳಿ: ರಾಜವೇಷದ ಕೋಲು ಕಿರೀಟ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೇಸರಿ ತಟ್ಟಿ, ಪುಂಡು ವೇಷದ (ತರುಣ ವೀರನ ಪಾತ್ರದ) ಪಗಡಿ. ಒಳಗಿನ ಕುಸುರಿ, ಬಣ್ಣ, ಮುಖ ಏನೂ ಬೇಡ, ಪೂರ್ತಿ ಕಪ್ಪು ಮಸಿಯ ಆಕಾರ ಮಾತ್ರ. ಆಟ ನೋಡಿದ ಮಕ್ಕಳು ಥಟ್ಟನೆ ವೇಷ ಹೇಳುತ್ತಾರೆ. “ಮುಖವೇ ಇಲ್ಲ, ಹೇಗೆ ಗೊತ್ತಾಯಿತು?” ಎಂದು ಕೇಳಿ. ಎತ್ತರಕ್ಕೆ ಏರುವ ಆಕಾರ ಗಾಂಭೀರ್ಯ ಕೊಡುವುದು, ಅಗಲಕ್ಕೆ ಹರಡಿದ ದೊಡ್ಡ ತಟ್ಟಿ ಮೈಯನ್ನೇ ಹಿಗ್ಗಿಸಿ ಭಯ ಹುಟ್ಟಿಸುವುದು, ಇವೆಲ್ಲ ಮಕ್ಕಳ ಬಾಯಿಂದಲೇ ಬರುತ್ತವೆ. ಆಟ ನೋಡದ ಮಕ್ಕಳಿಗೆ ಮೊದಲು ಬಣ್ಣದ ಫೋಟೋ ತೋರಿಸಿ, ಆಮೇಲೆ ನೆರಳುಚಿತ್ರ ಹೊಂದಿಸಲು ಕೊಡಿ. ಇಲ್ಲದಿದ್ದರೆ ಇದು ನೆನಪಿನ ಪರೀಕ್ಷೆಯಾಗುತ್ತದೆ.

ಮೈವಳಿಕೆ ಕಲಿಸುವಾಗ ಆಗುವ ಗೊಂದಲ ಒಂದೇ. ಮುಟ್ಟಿದರೆ ಸಿಗುವ ಒರಟುತನಕ್ಕೂ ಕಾಗದದ ಮೇಲೆ ಕಾಣುವ ಒರಟುತನಕ್ಕೂ ಮಕ್ಕಳು ಭೇದ ಮಾಡುವುದಿಲ್ಲ. ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು ಸುಣ್ಣ ಸೇರಿಸಿ ಇಡುವ ಚಿಟ್ಟಿ ಮುಟ್ಟಿದರೆ ಮುಳ್ಳು ಮುಳ್ಳು. ಕರಪತ್ರದಲ್ಲಿ ಅದೇ ಚಿಟ್ಟಿ ಕಾಣುತ್ತದೆ, ಕಾಗದ ಮಾತ್ರ ನಯ. ಎರಡನ್ನೂ ಜೋಡಿಸಲು ಉಜ್ಜುಚಿತ್ರ ಮಾಡಿಸಿ: ಅಡಕೆ ಹಾಳೆಯ ಹೊರಮೈ, ತೆಂಗಿನ ಗರಿ, ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಇವುಗಳ ಮೇಲೆ ಕಾಗದ ಇಟ್ಟು ಮೇಣದ ಬಣ್ಣದ ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜುವುದು. ಸಾಮಾನ್ಯ ನೆರಳಚ್ಚು ಕಾಗದ ಸಾಕು. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಕೆಳಗಿನ ಏರುತಗ್ಗು ಮೇಲೆ ಬರುವುದಿಲ್ಲ. ಮುರಕಲ್ಲಿನ ಹೊಂಡ ದೊಡ್ಡದಿದ್ದರೆ ಕಾಗದ ಹರಿಯುತ್ತದೆ, ಗಾರೆಯಿಲ್ಲದ, ಆದರೆ ಕೆತ್ತಿ ಸಮಮಾಡಿದ ಕಲ್ಲು ನೋಡಿಕೊಳ್ಳಿ. ಕಡ್ಡಿಯ ತುದಿಯಿಂದ ಗೀಚಿದರೆ ಗೆರೆ ಬರುತ್ತದೆಯೇ ಹೊರತು ಮೈವಳಿಕೆ ಬರುವುದಿಲ್ಲ.

ದೂರ ಹತ್ತಿರ ತಿಳಿಸುವ ‘ಅವಕಾಶ’ಕ್ಕೆ ಬೇಕಲ ಕೋಟೆಯ ಯಾವುದಾದರೂ ಫೋಟೋ ಆಗುತ್ತದೆ: ಮುಂದೆ ಮುರಕಲ್ಲಿನ ಗೋಡೆ, ನಡುವೆ ತೆಂಗಿನ ಮರ, ಹಿಂದೆ ಕಡಲು. ಒಂದು ಇನ್ನೊಂದನ್ನು ಮರೆಮಾಡುವುದು, ದೂರದ್ದು ಚಿಕ್ಕದಾಗುವುದು, ಪುಟದಲ್ಲಿ ಮೇಲಕ್ಕೆ ಸರಿಯುವುದು, ಈ ಮೂರು ಗುರುತು ಕಂಡರೆ ಸಾಕು. ಲಯ, ಸಮತೋಲನ, ಒತ್ತು ಇವನ್ನು ಈ ಸುತ್ತಿನಲ್ಲಿ ತರಬೇಡಿ. ಅವು ಅಂಶಗಳನ್ನು ಜೋಡಿಸುವ ರೀತಿಗಳು. ಅಂಶಗಳೇ ಗಟ್ಟಿಯಾಗದ ಮಕ್ಕಳಿಗೆ ಎರಡೂ ಕಲಸಿಹೋಗುತ್ತವೆ.

ಚಿತ್ರದಿಂದ ಭಾಷೆಗೆ ದಾಟಲು ಕರಪತ್ರದ ಅಕ್ಷರಗಳೇ ಸೇತುವೆ. ಪ್ಲಾಸ್ಟಿಕ್ ಹಾಳೆಯನ್ನು ಕರಪತ್ರದ ಮೇಲಿಟ್ಟು, ಕಣ್ಣು ಮೊದಲು ಹೋದ ಜಾಗಕ್ಕೆ 1, ಆಮೇಲೆ ಹೋದಲ್ಲಿಗೆ 2, 3 ಎಂದು ಬರೆಯಿಸಿ. ಬೇರೆ ಬೇರೆ ಗುಂಪುಗಳ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಮೊದಲ ಎರಡು ಅಂಕೆ ಸಾಮಾನ್ಯವಾಗಿ ಹತ್ತಿರ ಹತ್ತಿರ ಬೀಳುತ್ತವೆ. ಇನ್ನು ಅದೇ ಕರಪತ್ರದ ಎಲ್ಲ ಮಾತನ್ನೂ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ, ಸಾಲು ಬಿಡದೆ ಬರೆದ ಹಾಳೆ ಕೊಡಿ. ಒಂದು ಪದವೂ ಬದಲಾಗಿಲ್ಲ. ಆದರೆ ಆಟ ಯಾವಾಗ, ಎಲ್ಲಿ ಎಂದು ಹುಡುಕಲು ಹೊತ್ತು ಹಿಡಿಯುತ್ತದೆ. ಅಕ್ಷರದ ಗಾತ್ರ, ದಪ್ಪ, ನಡುವಿನ ಖಾಲಿ ಜಾಗ ಏನು ಕೆಲಸ ಮಾಡುತ್ತಿದ್ದವು ಎಂಬುದು ಆಗ ತಿಳಿಯುತ್ತದೆ.

ಭಾಷೆಯ ಅಂಶಗಳು: ಪದ ಬದಲಿಸುವ ಆಟ

ಇದಕ್ಕೆ ಎರಡು ಪೀರಿಯಡ್ ಇಡಿ. ಪಠ್ಯಪುಸ್ತಕದ ಪದ್ಯ ಬೇಡ. ಅದರ ಪ್ರಶ್ನೋತ್ತರ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿರುವ ನಾಲ್ಕು ಸಾಲನ್ನು ಇದೇ ಕೆಲಸಕ್ಕೆಂದು ಕಟ್ಟಿದ್ದು. ಕರಿಹಲಗೆಯಲ್ಲಿ ದೊಡ್ಡದಾಗಿ ಬರೆಯಿರಿ:

ಮಳೆಯಲಿ ನೆನೆಯಿತು ಅಡಕೆಯ ತೋಟ
ಇಳೆಯಲಿ ಚಿಗುರಿತು ಹಸುರಿನ ಆಟ
ಹೊಳೆಯಲಿ ಕುಣಿಯಿತು ಕೆನ್ನೀರೋಟ
ಬೆಳಗಿನ ಬಿಸಿಲಿಗೆ ಹೊಳೆಯುವ ನೋಟ

ಎರಡು ಸಲ ಗಟ್ಟಿಯಾಗಿ ಓದಿಸಿ, ಏನನ್ನೂ ವಿವರಿಸಬೇಡಿ. ಅನಂತರ ಒಂದೊಂದೇ ಪದ ಒರೆಸಿ ಇನ್ನೊಂದು ಬರೆದು, ಮತ್ತೆ ಓದಿಸಿ, “ಏನು ಕೆಟ್ಟಿತು? ಏನು ಉಳಿಯಿತು?” ಎಂದು ಕೇಳಿ. ಪ್ರತಿ ಬದಲಾವಣೆಯ ನಂತರ ಮೂಲಪದವನ್ನು ಮರಳಿ ಬರೆಯಬೇಕು. ಎರಡು ಬದಲಾವಣೆ ಒಟ್ಟಿಗೆ ನಿಂತರೆ ಯಾವುದರಿಂದ ಏನು ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

‘ತೋಟ’ ತೆಗೆದು ‘ಸಾಲು’ ಬರೆಯಿರಿ. ಓಟ ಸರಿಯಾಗಿಯೇ ಇದೆ, ಆದರೆ ಸಾಲಿನ ಕೊನೆಯ ‘ಟ’ ಮುರಿಯಿತು. ಅದು ಅಂತ್ಯಪ್ರಾಸ. ಇದನ್ನು ಎಲ್ಲ ಮಕ್ಕಳೂ ಹಿಡಿಯುತ್ತಾರೆ.

‘ಹೊಳೆಯಲಿ’ ತೆಗೆದು ‘ನದಿಯಲಿ’ ಬರೆಯಿರಿ. ಅರ್ಥ ಅದೇ, ಓಟ ಅದೇ, ಕೊನೆಯ ಅಕ್ಷರವೂ ಅದೇ. ಆದರೂ ಕಿವಿಗೆ ಏನೋ ತಪ್ಪಿದಂತೆ ಇರುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ವೃತ್ತ ಹಾಕಿಸಿ: ಳೆ, ಳೆ, ದಿ, ಳ. ಆದಿಪ್ರಾಸ ಸಿಕ್ಕಿತು. ಇಲ್ಲಿ ಎರಡು ವಿವರ ಬಿಡಬಾರದು. ಒಂದು, ವ್ಯಂಜನ ಒಂದೇ ಇರಬೇಕು, ಸ್ವರ ಬೇರೆಯಾಗಬಹುದು. ‘ಮಳೆ’ಗೂ ‘ಬೆಳಗಿ’ಗೂ ಪ್ರಾಸ ಕೂಡುವುದು ಹಾಗೆ. ಎರಡು, ಪ್ರಾಸಾಕ್ಷರದ ಹಿಂದಿನ ಅಕ್ಷರ ಎಲ್ಲ ಸಾಲಿನಲ್ಲೂ ಲಘುವೇ (ಒಂದು ಮಾತ್ರೆ) ಆಗಿರಬೇಕು, ಇಲ್ಲವೇ ಗುರುವೇ (ಎರಡು ಮಾತ್ರೆ) ಆಗಿರಬೇಕು. ‘ಬೆಳಗಿನ’ ತೆಗೆದು ‘ನಾಳೆಯ’ ಬರೆದು ನೋಡಿ. ಮಾತ್ರೆ ನಾಲ್ಕೇ, ಎರಡನೆಯ ಅಕ್ಷರ ‘ಳ’ಕಾರವೇ, ಆದರೆ ‘ನಾ’ ದೀರ್ಘವಾದ್ದರಿಂದ ಪ್ರಾಸ ಕೂರುವುದಿಲ್ಲ. ಮಕ್ಕಳು ಅಂತ್ಯಪ್ರಾಸವನ್ನೇ ಪ್ರಾಸ ಎಂದುಕೊಂಡಿರುತ್ತಾರೆ. ಹಳೆಯ ಕನ್ನಡ ಕಾವ್ಯ ಕಟ್ಟಿಕೊಂಡಿರುವುದು ಎರಡನೆಯ ಅಕ್ಷರದ ಪ್ರಾಸವನ್ನು, ಆದ್ದರಿಂದ ಇಲ್ಲಿ ಸಾವಧಾನವಾಗಿ ನಿಲ್ಲಿ. ಮಲಯಾಳ ಕಾವ್ಯದಲ್ಲಿಯೂ ದ್ವಿತೀಯಾಕ್ಷರ ಪ್ರಾಸವೆಂದು ಇದು ಇದೆ. ಶಾಲೆಯ ಮಲಯಾಳ ಟೀಚರರನ್ನು ಕೇಳಿ ಒಂದು ಉದಾಹರಣೆ ಓದಿಸಿದರೆ ಆ ಮನೆಮಾತಿನ ಮಕ್ಕಳ ಮುಖ ಅರಳುತ್ತದೆ.

‘ಕುಣಿಯಿತು’ ತೆಗೆದು ‘ಹರಿಯಿತು’ ಬರೆಯಿರಿ. ಮಾತ್ರೆ, ಆದಿಪ್ರಾಸ, ಅಂತ್ಯಪ್ರಾಸ ಯಾವುದೂ ಕೆಡಲಿಲ್ಲ. ಆದರೆ ನೀರು ಮತ್ತೆ ಬರೀ ನೀರಾಯಿತು. ಜೀವವಿಲ್ಲದ್ದಕ್ಕೆ ಜೀವವಿದ್ದವರ ನಡೆ ಕೊಡುವುದು ಆ ಒಂದು ಕ್ರಿಯಾಪದದಲ್ಲಿತ್ತು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಅಲಂಕಾರ ಎಂದರೆ ಹೊರಗಿನಿಂದ ತೊಡಿಸಿದ ಒಡವೆ ಎಂಬ ಭಾವನೆ ಹೋಗಲಿಕ್ಕೆ ಈ ಒಂದು ಬದಲಾವಣೆ ಸಾಕು.

‘ಅಡಕೆಯ’ ತೆಗೆದು ‘ತೆಂಗಿನ’ ಬರೆಯಿರಿ. ಏನೂ ಕೆಡಲಿಲ್ಲ, ಕಣ್ಣೆದುರಿನ ಚಿತ್ರ ಮಾತ್ರ ಬದಲಾಯಿತು. ‘ಗೇರು’ ಬರೆಯಿರಿ. ಓದು ಮುಗ್ಗರಿಸಿತು. ಏಕೆ? ಇಲ್ಲಿಂದ ಮಾತ್ರೆ ಎಣಿಕೆಗೆ ಹೋಗಿ. ಲಘುವಿಗೆ ಒಂದು ಚಪ್ಪಾಳೆ, ಗುರುವಿಗೆ ಚಪ್ಪಾಳೆ ಹೊಡೆದು ಕೈ ಜೋಡಿಸಿಯೇ ಇನ್ನೊಂದು ಎಣಿಕೆ. ಪ್ರತಿ ಸಾಲೂ 4, 4, 4, 3 ಎಂದು ಒಟ್ಟು 15 ಮಾತ್ರೆ. ‘ಗೇರು’ ಎಂದಾಗ ನಾಲ್ಕರ ಜಾಗಕ್ಕೆ ಮೂರು ಬಂತು.

ಎಣಿಕೆ ತಪ್ಪುವುದು ಮೂರನೆಯ ಸಾಲಿನಲ್ಲಿ. ‘ಕೆನ್ನೀರೋಟ’ದ ‘ಕೆ’ ಹ್ರಸ್ವವೆಂದು ಒಂದೇ ಮಾತ್ರೆ ಕೊಡುತ್ತಾರೆ. ಮುಂದೆ ಒತ್ತಕ್ಷರ ಇರುವುದರಿಂದ ಅದು ಗುರು. ನಿಯಮ ಹೇಳುವ ಮೊದಲು ‘ಕೆನ್’ ಎಂದು ನಿಲ್ಲಿಸಿ ಉಚ್ಚರಿಸಲು ಹೇಳಿ, ನಾಲಿಗೆ ಅಲ್ಲಿ ತಡೆಯುವುದು ಅವರಿಗೇ ಗೊತ್ತಾಗುತ್ತದೆ. ಬರೆದ ಅಕ್ಷರ ನೋಡಿ ಎಣಿಸುವ ಮಗು ತಪ್ಪುತ್ತದೆ, ಉಚ್ಚಾರ ಕೇಳಿ ಎಣಿಸುವ ಮಗು ತಪ್ಪುವುದಿಲ್ಲ. ಮೂರನೆಯ ಸಾಲಿನ ‘ಹೊಳೆ’ಯೂ ನಾಲ್ಕನೆಯ ಸಾಲಿನ ‘ಹೊಳೆಯುವ’ ಕೂಡ ಒಂದೇ ಎಂದುಕೊಳ್ಳುವವರು ಇರುತ್ತಾರೆ. ಒಂದು ನಾಮಪದ, ಇನ್ನೊಂದು ಕ್ರಿಯೆಯಿಂದ ಬಂದದ್ದು ಎಂದು ಅಲ್ಲೇ ಬಿಡಿಸಿ.

ವ್ಯಾಕರಣದ ಅಂಶಗಳಲ್ಲಿ ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಗಮನ ಬೇಕಾದ್ದು ಕರ್ತೃವಿಗೂ ಕ್ರಿಯಾಪದಕ್ಕೂ ಇರುವ ಹೊಂದಿಕೆ. ಕನ್ನಡದಲ್ಲಿ ಹುಡುಗ ಬಂದನು, ಹುಡುಗಿ ಬಂದಳು, ಮಕ್ಕಳು ಬಂದರು, ದನ ಬಂದಿತು. ಮಲಯಾಳದಲ್ಲಿ ಈ ನಾಲ್ಕಕ್ಕೂ ‘ವನ್ನು’ ಒಂದೇ ರೂಪ. ಹವ್ಯಕ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು ಬಂತು’ ಎನ್ನುವ ಬಳಕೆ ಇದೆ. ಆದ್ದರಿಂದ “ಅಕ್ಕ ಬಂತು” ಎಂದು ಒಂದು ಮಗು ಬರೆದರೆ ಅದು ಅಗೌರವವಲ್ಲ, ಅಜ್ಞಾನವೂ ಅಲ್ಲ, ಮನೆಮಾತಿನ ವ್ಯಾಕರಣ ಬರವಣಿಗೆಗೆ ಬಂದದ್ದು. ಕೆಂಪು ಗೆರೆ ಎಳೆದು ಬಿಟ್ಟರೆ ಅದು ತಿದ್ದಿಹೋಗುವುದಿಲ್ಲ. ಹೀಗೆ ಮಾಡಿಸಿ: ವಾಕ್ಯದ ಕರ್ತೃವನ್ನು ಮುಚ್ಚುಪಟ್ಟಿಯಿಂದ ಮುಚ್ಚಿ ಕ್ರಿಯಾಪದ ಮಾತ್ರ ತೋರಿಸಿ, “ಬಂದದ್ದು ಯಾರು? ಗಂಡಸೋ, ಹೆಂಗಸೋ, ಅನೇಕರೋ?” ಎಂದು ಕೇಳಿ. ‘ಬಂದಳು’ ಒಂದರಿಂದಲೇ ಉತ್ತರ ಸಿಗುತ್ತದೆ. ಅದೇ ವಾಕ್ಯವನ್ನು ಮಲಯಾಳದಲ್ಲಿ ಹೇಳಿ ಕರ್ತೃ ಮುಚ್ಚಿದರೆ ಉತ್ತರ ಸಿಗದು. ಕನ್ನಡದ ಪ್ರತ್ಯಯ ಎಷ್ಟು ಸುದ್ದಿ ಹೊತ್ತಿದೆ ಎಂದು ತಿಳಿದ ಮಗು ಅದನ್ನು ಬಿಟ್ಟು ಬರೆಯುವುದು ಕಡಿಮೆಯಾಗುತ್ತದೆ.

ವಿಭಕ್ತಿಗೆ ಮತ್ತೆ ಕರಪತ್ರಕ್ಕೇ ಬನ್ನಿ. ‘ದೇವಸ್ಥಾನದ ವಠಾರದಲ್ಲಿ’, ‘ರಾತ್ರಿ ಗಂಟೆ 9ರಿಂದ’, ‘ಸರ್ವರಿಗೂ’. ಇವುಗಳ ಪ್ರತ್ಯಯ ಮುಚ್ಚಿ ಓದಿಸಿದರೆ ಸಾಕು.

ಪಠ್ಯದ ಅಂಶಗಳು: ಯಾರು, ಯಾರಿಗೆ, ಯಾತಕ್ಕೆ

ಪಠ್ಯ ಎಂದರೆ ಪಾಠಪುಸ್ತಕ ಎಂಬ ಗ್ರಹಿಕೆ ಮಕ್ಕಳಲ್ಲಿ ಗಟ್ಟಿ. ಕರಪತ್ರ, ಅಡುಗೆ ಬರಹ, ಪಂಚಾಯತು ನೋಟೀಸು, ಪತ್ರಿಕೆಯ ವರದಿ ಎಲ್ಲವೂ ಪಠ್ಯವೇ ಎಂದು ಮೊದಲು ಒಪ್ಪಿಸಬೇಕು. ಒಂದು ಪಠ್ಯ ಯಾವ ಜಾತಿಯದು ಎಂದು ತಿಳಿಯಲು ಕನ್ನಡದಲ್ಲಿ ಸುಲಭದ ಕೀಲಿ ಕ್ರಿಯಾಪದದ ತುದಿ. ಮೊದಲ ನಾಲ್ಕರಲ್ಲಿ ಧಾತು ಒಂದೇ, ತುದಿ ಬೇರೆ:

- ‘ಉಪ್ಪು ಹಾಕಿ’: ಮಾಡುವ ಕ್ರಮ ಹೇಳುವ ಬರಹ
- ‘ಉಪ್ಪು ಹಾಕಿದಳು’: ಕಥೆ, ವರದಿ
- ‘ಅರ್ಜಿ ಹಾಕತಕ್ಕದ್ದು’: ಕಚೇರಿಯ ನೋಟೀಸು
- ‘ಉಪ್ಪು ಹಾಕುತ್ತಾರೆ’: ವಿವರಣೆ, ಪರಿಚಯ
- ‘ಜರಗಲಿರುವುದು’, ‘ಆಗಮಿಸಬೇಕಾಗಿ ವಿನಂತಿ’: ಆಮಂತ್ರಣ

ಹತ್ತು ಚೂರು ಕಾಗದದಲ್ಲಿ ಹತ್ತು ಬಗೆಯ ವಾಕ್ಯ ಬರೆದು, ವಿಷಯ ನೋಡದೆ ತುದಿ ಮಾತ್ರ ನೋಡಿ ಗುಂಪು ಮಾಡಿಸಿ. ವಿಷಯ ನೋಡಿ ವಿಂಗಡಿಸುವ ಅಭ್ಯಾಸ ಬಲವಾಗಿರುವುದರಿಂದ, ಹತ್ತು ವಾಕ್ಯವೂ ಒಂದೇ ವಿಷಯದ್ದಾಗಿರಲಿ. ಮಾವಿನಮಿಡಿ ಉಪ್ಪಿನಕಾಯಿಯ ಕುರಿತೇ ಹತ್ತನ್ನೂ ಬರೆಯಬಹುದು. ಆಗ ತುದಿ ನೋಡದೆ ದಾರಿಯಿಲ್ಲ.

ಮುಂದೆ ರಚನೆ. ಎಂಟು ವಾಕ್ಯದ ಒಂದು ಸಣ್ಣ ಬರಹವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕ್ರಮವಾಗಿ ಜೋಡಿಸಲು ಕೊಡಿ. ಜೋಡಿಸಿದ್ದಕ್ಕೆ ಅಂಕವಿಲ್ಲ, ಕಾರಣಕ್ಕೆ ಅಂಕ ಎಂದು ಮೊದಲೇ ಹೇಳಿ. ‘ಅದು’, ‘ಅವರು’, ‘ಹೀಗೆ’ ಎಂದು ಶುರುವಾಗುವ ವಾಕ್ಯ ಮೊದಲನೆಯದಾಗಲಾರದು. ‘ಆದರೆ’ ಬರುವ ಮುಂಚೆ ಅದಕ್ಕೆ ಎದುರಾದ ಮಾತು ಬಂದಿರಬೇಕು. ‘ಆದ್ದರಿಂದ’ದ ಹಿಂದೆ ಕಾರಣ ಇರಬೇಕು. ಕತ್ತರಿಸುವಾಗ ಆಗುವ ಸಾಮಾನ್ಯ ತಪ್ಪು ಎಂದರೆ ಒಂದೊಂದು ಪಟ್ಟಿಯ ಅಂಚು ಒಂದೊಂದು ಓರೆಯಾಗಿ ಹೋಗುವುದು. ಮಕ್ಕಳು ಅಂಚು ಹೊಂದಿಸಿ ಜೋಡಿಸಿಬಿಡುತ್ತಾರೆ. ಎಲ್ಲ ಪಟ್ಟಿಯನ್ನೂ ಅಳತೆಪಟ್ಟಿ ಹಿಡಿದು ಒಂದೇ ಅಗಲಕ್ಕೆ ಕತ್ತರಿಸಿ.

ಐದನೆಯ ಪೀರಿಯಡ್‌ಗೆ ಒಂದು ಮಲಯಾಳ ನೋಟೀಸು ತನ್ನಿ. ಗಡಿಯಾಚೆಯ ಬೇರೆ ಜಿಲ್ಲೆಗಳಲ್ಲಾದರೆ ತಮಿಳು, ಮರಾಠಿ, ತೆಲುಗು. ಇನ್ನೂ ಒಳ್ಳೆಯದು, ಯಾವ ಮಗುವಿಗೂ ಓದಲು ಬಾರದ ಲಿಪಿಯದು. “ಓದಬೇಡಿ. ಶೀರ್ಷಿಕೆ ಎಲ್ಲಿದೆ, ದಿನಾಂಕ ಎಲ್ಲಿದೆ, ಕರೆದವರ ಹೆಸರು ಎಲ್ಲಿರಬಹುದು, ಪಟ್ಟಿ ಯಾವುದು?” ಎಂದು ಕೇಳಿ. ಪ್ಲಾಸ್ಟಿಕ್ ಹಾಳೆ ಇಟ್ಟು ಗುರುತು ಮಾಡಿಸಿ. ಹೆಚ್ಚಿನವು ಸರಿ ಬರುತ್ತವೆ, ಯಾಕೆಂದರೆ ಪಠ್ಯದ ರಚನೆ ಭಾಷೆಯನ್ನು ದಾಟಿ ಕಾಣುತ್ತದೆ. ಮೂರು ಬಗೆಯ ಅಂಶಗಳು ಒಂದೇ ಹಾಳೆಯಲ್ಲಿ ಹೆಣೆದುಕೊಂಡಿದ್ದರೂ ಬೇರೆ ಬೇರೆ ಎಂದು ಮಕ್ಕಳಿಗೆ ಮನವರಿಕೆಯಾಗುವುದು ಇಲ್ಲಿ. ಭಾಷೆ ತಿಳಿಯದು, ಚಿತ್ರವೂ ರಚನೆಯೂ ತಿಳಿಯುತ್ತದೆ. ಮಲಯಾಳ ಓದಲು ಬರುವ ಮಕ್ಕಳು ಗುಂಪಿನಲ್ಲಿದ್ದರೆ ಅವರನ್ನು ಕೊನೆಗೆ ಪರಿಶೀಲಕರನ್ನಾಗಿ ಮಾಡಿ. ಮೊದಲೇ ಓದಿ ಹೇಳಲು ಬಿಟ್ಟರೆ ಆಟ ಮುಗಿದಂತೆ.

ಆರನೆಯ ಪೀರಿಯಡ್: ಪರೀಕ್ಷೆ

ಮಕ್ಕಳು ಎಂದೂ ನೋಡದ ಹೊಸ ಹಾಳೆ ಕೊಡಿ. ಐದು ಅಂಶ ಗುರುತಿಸಬೇಕು: ಎರಡು ಚಿತ್ರದ್ದು, ಎರಡು ಭಾಷೆಯದು, ಒಂದು ಪಠ್ಯದ್ದು. ಪ್ರತಿಯೊಂದಕ್ಕೂ ಮೂರು ಅಂಕ: ಸರಿಯಾದ ಜಾಗ ತೋರಿಸಿದ್ದಕ್ಕೆ ಒಂದು, ಹೆಸರಿಗೆ ಒಂದು, ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಒಂದು. ಒಟ್ಟು 15.

ಅಂಕದ ಮೊತ್ತಕ್ಕಿಂತ ಅದು ಎಲ್ಲಿ ಹೋಯಿತು ಎಂದು ನೋಡಿ. ಜಾಗ ಸರಿ, ಹೆಸರು ತಪ್ಪು ಇದ್ದರೆ ಅದು ಪದದ ಕೊರತೆ. ಗೋಡೆಯ ಮೇಲೆ ಹೆಸರುಪಟ್ಟಿ ಹಾಕಿದರೆ ಒಂದು ವಾರದಲ್ಲಿ ಸರಿಹೋಗುತ್ತದೆ. ಹೆಸರು ಸರಿ, ಜಾಗ ತಪ್ಪು ಇದ್ದರೆ ಬಾಯಿಪಾಠ ಇನ್ನೂ ಬಿಟ್ಟಿಲ್ಲ. ಆ ಮಗುವಿನ ಜೊತೆ ಮೊದಲ ಪೀರಿಯಡ್‌ನ ಎರಡು ಅಂಕಣದ ಕೆಲಸವನ್ನು ಇನ್ನೊಂದು ಹಾಳೆಯಲ್ಲಿ ಮಾಡಬೇಕು. ಜಾಗ, ಹೆಸರು ಎರಡೂ ಸರಿಯಿದ್ದು ಮೂರನೆಯದಕ್ಕೆ “ಚೆನ್ನಾಗಿರುವುದಿಲ್ಲ” ಎಂದು ಬರೆದರೆ ಅಂಕ ಕೊಡಬೇಡಿ. “ಏನು ಚೆನ್ನಾಗಿರುವುದಿಲ್ಲ?” ಎಂದು ಪಕ್ಕದಲ್ಲಿ ಬರೆದು ಹಾಳೆ ಹಿಂದಿರುಗಿಸಿ. ಬರೆಯಲು ಕಷ್ಟಪಡುವ ಮಗುವಿಗೆ ಇದೇ ಪರೀಕ್ಷೆಯನ್ನು ಬಾಯಲ್ಲಿ ಮಾಡಬಹುದು, ಒಬ್ಬರಿಗೆ ಐದು ನಿಮಿಷ ಸಾಕು.

ಸಾಮಗ್ರಿಯನ್ನು ಮುಂದಿನ ವರ್ಷಕ್ಕೆ ಎತ್ತಿಡುವಾಗ ನಮ್ಮ ಮಳೆಗಾಲ ನೆನಪಿರಲಿ. ಪ್ಲಾಸ್ಟಿಕ್ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟುತ್ತವೆ, ಮಾರ್ಕರ್ ಗುರುತು ಒರೆಸದೆ ಬಿಟ್ಟರೆ ಕೆಲವು ವಾರದಲ್ಲಿ ಕಲೆಯಾಗಿ ಕೂರುತ್ತದೆ. ಒರೆಸಿ, ನಡುನಡುವೆ ವಾರ್ತಾಪತ್ರಿಕೆಯ ಹಾಳೆ ಇಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಕರಪತ್ರಗಳನ್ನು ಮಡಚದೆ ಗಟ್ಟಿ ರಟ್ಟಿನ ನಡುವೆ ಇಡಿ. ಮಡಿಕೆಯ ಗೆರೆಯನ್ನು ಮಕ್ಕಳು ‘ರೇಖೆ’ ಎಂದು ಗುರುತಿಸಿ ಬರೆಯುವುದುಂಟು.